ಬಿಗಿದವನು ನಾನೇ

ಹತ್ತು ದಿನಕ್ಕೊಮ್ಮೆ ನೀರು ಬಿಡುವ ಕೈ ಇದು.
ಕೌಲ್ ಬಜಾರಿನ ಹನ್ನೆರಡು ಗಲ್ಲಿಯವರು
ಕೊಡ ಸಾಲಿಗಿಟ್ಟು ಈ ಕೈಗಾಗಿ ಕಾಯುತ್ತಾರೆ,
ತಡವಾದರೆ ಈ ಕೈಗೇ ಬೈಯುತ್ತಾರೆ.
ಆಳೆತ್ತರದ ಕಬ್ಬಿಣದ ಚಾವಿ ಗುಂಡಿಯೊಳಗಿಳಿಸಿ
ಹೆಗಲು ಕೊಟ್ಟು ಮೂವತ್ತೊಂದು ಸುತ್ತು.
ಎಣಿಸಬೇಕಿಲ್ಲ, ಮಣಿಕಟ್ಟಿಗೇ ಗೊತ್ತು.

ಈ ಕೈಗೆ ಇವತ್ತು
ಪುಂಡಿಪಲ್ಲೆ ಚಟ್ನಿಯ ಬಾಟಲಿ ಬಗ್ಗಲಿಲ್ಲ.

ರೊಟ್ಟಿ ತಾಟಿನಲ್ಲಿತ್ತು, ಬಿಸಿ ಇತ್ತು.
ಸುಂಕಮ್ಮ ಒಲೆ ಮುಂದೆ, ಬೆನ್ನು ನನ್ನ ಕಡೆ.
ಮೊದಲ ತಿರುವಿಗೆ ಬರಲಿಲ್ಲ.
ಎಣ್ಣೆಜಿಡ್ಡು ಅಂದುಕೊಂಡು ಲುಂಗಿಗೆ ಕೈ ಒರೆಸಿದೆ.
ಎರಡನೆಯದಕ್ಕೆ ಹಲ್ಲು ಕಚ್ಚಿದೆ.
ಮೂರನೆಯದಕ್ಕೆ ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿ
ಸದ್ದಾಗದಂತೆ, ಕಳ್ಳನ ಹಾಗೆ, ಉಸಿರು ಹಿಡಿದು.
ಮುಚ್ಚಳ ಅಲ್ಲಾಡಲಿಲ್ಲ. ಅಂಗೈ ಮಾತ್ರ
ಅದರ ಹಲ್ಲುಗಳನ್ನೆಲ್ಲ ಕೆಂಪಗೆ ಅಚ್ಚೊತ್ತಿಸಿಕೊಂಡಿತು.

"ಅಪ್ಪಾ, ಆ ಕಡೀಗಲ್ಲ, ಈ ಕಡೀಗೆ" ಅಂದ ಎರ್ರಿ.
ಇಪ್ಪತ್ತೆರಡು ವರ್ಷದ ಸರ್ವೀಸು ನನ್ನದು.
ಯಾವ ಕಡೆಗೆ ಅಂತ ಮೂರನೇ ಕ್ಲಾಸಿನವನು ಹೇಳಿದ.
ಅವನು ಹೇಳಿದ ಕಡೆಗೂ ಒಮ್ಮೆ ತಿರುವಿ ನೋಡಿದೆ, ಸುಳ್ಳೇಕೆ.

ತಲೆಕೆಳಗು ಮಾಡಿ ತಳಕ್ಕೆ ಗುದ್ದಿದೆ.
ಬಾಗಿಲ ಸಂದಿಗೆ ಸಿಕ್ಕಿಸಲು ಎದ್ದೆ.
"ಬಾಗ್ಲು ಮುರೀತೈತೆ", ಒಲೆ ಕಡೆಯಿಂದಲೇ ಮಾತು ಬಂತು,
ಬೆನ್ನಿಗೆ ಕಣ್ಣಿದ್ದ ಹಾಗೆ.
ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ತುಂಡೇ ಹರಿಯಿತು.
ಪಕ್ಕದ ಖಾಸಿಂ ಸಾಬನನ್ನು ಕರೆಯಲೇ,
ಹಮಾಲಿ ಮನುಷ್ಯ, ಎರಡು ಚೀಲ ಒಟ್ಟಿಗೆ ಎತ್ತುತ್ತಾನೆ.
ಬೇಡ. ನಾಳೆ ಗಲ್ಲಿ ತುಂಬ ಅದೇ ಮಾತು:
ನೀರು ಬಿಡೋ ಗಾದಿಲಿಂಗನಿಗೆ
ಚಟ್ನಿ ಬಿಡಿಸಕ್ಕಾಗಲಿಲ್ಲಂತೆ!

ಯಾವ ಪುಣ್ಯಾತ್ಮ ಇದನ್ನು ಹೀಗೆ ಬಿಗಿದ?
ಕೇಳುವ ಹಾಗಿಲ್ಲ.
ಆದಿವಾರ, ಒಗ್ಗರಣೆ ಇನ್ನೂ ಚುರುಗುಡುತ್ತಿತ್ತು,
"ಆರ್ಲಿ ತಡಿ" ಅಂದಳು.
ಬೆಲ್ಲ ಹಾಕೈತೆ, ಇರುವೆ ಬರ್ತಾವೆ ಅಂತ
ಬಿಸಿಯ ಮೇಲೇ ಮುಚ್ಚಳ ಜಡಿದು
ಕೊನೆಗೊಂದು ಕಾಲು ಸುತ್ತು ಹೆಚ್ಚಿಗೆ ಹಾಕಿದೆ.
ಗುಂಡಿಯಲ್ಲಿ ಹಾಕುತ್ತೇನಲ್ಲ, ಸೋರದಿರಲಿ ಅಂತ,
ಅದೇ ಚಟ.
ಆದಿವಾರದವನು ಗಟ್ಟಿಗ.
ಗುರುವಾರದವನು ಅವನೆದುರು ಬಾಟಲಿ ಹಿಡಿದು ಕುಂತಿದ್ದ.

ಸುಂಕಮ್ಮ ಬಂದಳು. ಏನೂ ಅನ್ನಲಿಲ್ಲ.
ದಿನಕ್ಕೆ ನೂರಾ ನಲವತ್ತು ಪ್ಯಾಂಟಿಗೆ ಜೇಬು ಕೂರಿಸುವವಳು,
ಹೆಬ್ಬೆರಳು ಜೋಮು ಹಿಡಿದು ನಡುರಾತ್ರಿ ಏಳುವವಳು,
ಸೆರಗಿನಲ್ಲಿನ್ನೂ ನೀಲಿ ನೂಲು.
ನಿದ್ದೆಗೂಸನ್ನು ಇಸಕೊಂಡಂತೆ
ಬಾಟಲಿಯನ್ನು ನನ್ನಿಂದ ಇಸಕೊಂಡಳು.
ಚಮಚದ ತುದಿ ಅಂಚಿಗಿಟ್ಟು
ಒಂದಿಷ್ಟೇ ಮೀಟಿದಳು.

ಚುಸ್.

ನಲ್ಲಿಯಲ್ಲಿ ನೀರಿಗಿಂತ ಮುಂಚೆ ಬರುತ್ತದಲ್ಲ, ಆ ಸದ್ದು.

"ನೀನೇ ಹೇಳಿದ್ದೆಲ್ಲ,
ಮೊದ್ಲು ಗಾಳಿಗೆ ದಾರಿ ಮಾಡ್ಬೇಕು, ಜೋರು ಆಮ್ಯಾಲೆ ಅಂತ."

ಯಾವಾಗ ಹೇಳಿದ್ದೆನೋ.
ಮದುವೆಯ ಹೊಸದರಲ್ಲಿರಬೇಕು,
ಅಲ್ಲೀಪುರದ ಕೆರೆ ತೋರಿಸಲು ಸೈಕಲ್ಲಿನಲ್ಲಿ ಕರಕೊಂಡು ಹೋದಾಗ,
ಮಾತಾಡಲು ಬೇರೇನೂ ತಿಳಿಯದೆ.

ಮಷಿನ್ನಿನ ಕೆಳಗಿನ ಚಿಂದಿಯಿಂದ ಒಂದು ಜೀನ್ಸ್ ತುಂಡೆತ್ತಿ
ಮುಚ್ಚಳಕ್ಕೆ ಹೊದಿಸಿ, ಎಡಗೈಲಿ ತಿರುವಿದಳು.
ಬಂತು.
ನನ್ನ ತಾಟಿಗೆ ಬಡಿಸಿ ಮತ್ತೆ ಒಲೆ ಮುಂದೆ ಹೋದಳು.
ರೊಟ್ಟಿ ಆರಿತ್ತು. ಚಟ್ನಿ ಹುಳಿ ಅಂದರೆ ಹುಳಿ,
ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ.

ಉಂಡೆದ್ದು ಮುಚ್ಚಳ ನಾನೇ ಹಾಕಿದೆ.
ಕಾಲು ಸುತ್ತು ಬಾಕಿ ಇರುವಾಗ ಕೈ ನಿಲ್ಲಿಸಿದೆ.
ನಿಲ್ಲಿಸಲು ಎಷ್ಟು ಬಲ ಬೇಕು!
ಎರ್ರಿ ನೋಡುತ್ತಿದ್ದ.

ಸಂಜೆಗೆ ಇರುವೆ ಬಂದವು,
ಸಾಲಾಗಿ, ಕೊಡವಿಲ್ಲದೆ,
ಯಾರಿಗೂ ಬೈಯದೆ.